ಇಳಿಯಲು ದಡವಿಲ್ಲ, ಕುಡಿಯಲು ನೀರಿಲ್ಲ

ಡಚ್ ಈಸ್ಟ್ ಇಂಡಿಯಾ ಕಂಪನಿಯ 'ಜುಯ್ಟ್‌ಡಾರ್ಪ್' ಎಂಬ ಹಡಗು 1712ರಲ್ಲಿ ಬೆಳ್ಳಿ ನಾಣ್ಯಗಳನ್ನು ತುಂಬಿಕೊಂಡು ಬಟಾವಿಯಾದತ್ತ (ಇಂದಿನ ಜಕಾರ್ತಾ) ಸಾಗುತ್ತಿತ್ತು. ಅದು ಬಟಾವಿಯಾ ಮುಟ್ಟಲಿಲ್ಲ. ಆಸ್ಟ್ರೇಲಿಯಾದ ಪಶ್ಚಿಮ ದಡದಲ್ಲಿ ಸುಣ್ಣಗಲ್ಲಿನ ಗೋಡೆಯಂತಿರುವ ಕಡಿದಾದ ಬಂಡೆಗಳಿಗೆ ಬಡಿದು ಒಡೆದುಹೋಯಿತು. ಕೆಲವರು ಹೇಗೋ ಜೀವ ಉಳಿಸಿಕೊಂಡು ಮೇಲೆ ಹತ್ತಿದ್ದರು. ಬಂಡೆಯ ನೆತ್ತಿಯ ಬಯಲಿನಲ್ಲಿ ಸಿಕ್ಕ ಸಾಮಾನುಗಳು ಅದಕ್ಕೆ ಸಾಕ್ಷಿ. ಆಮೇಲೆ ಅವರ ಗತಿ ಏನಾಯಿತೆಂಬುದು ಇಂದಿಗೂ ಬಗೆಹರಿದಿಲ್ಲ. 1927ರಲ್ಲಿ ಟಾಮ್ ಪೆಪ್ಪರ್ ಎಂಬ ದನಗಾವಲಿನ ಆಳಿಗೆ ಆ ಹಡಗಿನ ಅವಶೇಷಗಳು ಕಣ್ಣಿಗೆ ಬಿದ್ದವು. ಅವು ಜುಯ್ಟ್‌ಡಾರ್ಪ್‌ನವೇ ಎಂದು 1950ರ ದಶಕದಲ್ಲಿ ಗುರುತು ಹಚ್ಚಿದವರು ಭೂವಿಜ್ಞಾನಿ ಫಿಲಿಪ್ ಪ್ಲೇಫರ್ಡ್. ಆ ಬಂಡೆಸಾಲಿಗೆ ಈಗ ಹಡಗಿನದೇ ಹೆಸರು.

ಶಾರ್ಕ್ ಬೇ ಪ್ರದೇಶದಿಂದ ತೆಂಕಣಕ್ಕೆ ಕಾಲ್ಬರಿ ಎಂಬ ಊರಿನವರೆಗೆ, ಸುಮಾರು 150 ಕಿ.ಮೀ. ಉದ್ದಕ್ಕೆ ಈ ಗೋಡೆ ನಿಂತಿದೆ. ಕೆಲವೆಡೆ ಎತ್ತರ ನೂರು ಮೀಟರ್ ಮೀರುತ್ತದೆ. ಬುಡದಲ್ಲಿ ಹಿಂದೂ ಮಹಾಸಾಗರ, ನೆತ್ತಿಯ ಮೇಲೆ ಒಣ ಕುರುಚಲು. ಒಂದು ಸಣ್ಣ ದೋಣಿ ಎಳೆದು ನಿಲ್ಲಿಸುವಷ್ಟು ಮರಳಿನ ದಡವೂ ಅಲ್ಲಿ ಸಿಗುವುದು ಕಷ್ಟ. ಹಡಗುಗಳೇ ದೂರ ಸರಿದು ಹೋಗುವ ಈ ಕಡಲನ್ನು 2009ರಲ್ಲಿ ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ ಒಬ್ಬರೇ, ಕೈಯಲ್ಲಿ ಹುಟ್ಟು ಹಿಡಿದು ದಾಟಿದರು. ಅವರು ಕೂತಿದ್ದು ಐದೂವರೆ ಮೀಟರ್ ಉದ್ದದ ಒಂದು ಕಯಾಕ್‌ನಲ್ಲಿ.

ಅದು ದೊಡ್ಡ ಪಯಣದ ಒಂದು ತುಂಡು ಮಾತ್ರ. ಹಾಫ್‌ಮೈಸ್ಟರ್ ಆಗ ಇಡೀ ಆಸ್ಟ್ರೇಲಿಯಾ ಖಂಡವನ್ನು ಸುತ್ತುತ್ತಿದ್ದರು. ಮೆಲ್ಬರ್ನ್ ಬಳಿಯ ಕ್ವೀನ್ಸ್‌ಕ್ಲಿಫ್‌ನಿಂದ ಜನವರಿ 18ರಂದು ಹೊರಟು, ಡಿಸೆಂಬರ್ 15ರಂದು ಅಲ್ಲಿಗೇ ಮರಳಿದಾಗ 332 ದಿನಗಳಾಗಿದ್ದವು. ಕ್ರಮಿಸಿದ ದೂರ 13,790 ಕಿ.ಮೀ. ಅವರಿಗಿಂತ ಮೊದಲು ಆ ಸುತ್ತನ್ನು ಪೂರೈಸಿದ್ದವರು ಒಬ್ಬರೇ: ನ್ಯೂಜಿಲೆಂಡ್‌ನ ಪಾಲ್ ಕ್ಯಾಫಿನ್. 1982ರ ಡಿಸೆಂಬರ್‌ನಲ್ಲಿ ಪಯಣ ಮುಗಿಸಿದ ಅವರಿಗೆ 360 ದಿನ ಹಿಡಿದಿತ್ತು.

ಕಡಲಿನ ಪಕ್ಕ ಮರುಭೂಮಿ ಏಕೆ?

ನಮ್ಮ ಕರಾವಳಿಯವರಿಗೆ ಕಡಲೆಂದರೆ ಮಳೆ. ಜೂನ್ ಬಂತೆಂದರೆ ಪಡುವಣದಿಂದ ಮೋಡ ಬರಲೇಬೇಕು. ಆದರೆ ಭೂಮಿಯ ಮೇಲೆ ಕಡಲಿಗೆ ಅಂಟಿಕೊಂಡೇ ಒಣಗಿರುವ ದಡಗಳು ಸಾವಿರಾರು ಕಿಲೋಮೀಟರ್ ಇವೆ. ಸಮಭಾಜಕ ವೃತ್ತದ ಬಳಿ ಮೇಲೇರಿ ಮಳೆ ಸುರಿಸಿದ ಗಾಳಿ, ಎರಡೂ ಬದಿಗೆ 20ರಿಂದ 30 ಡಿಗ್ರಿ ಅಕ್ಷಾಂಶದ ಸುತ್ತ ಕೆಳಗಿಳಿಯುತ್ತದೆ. ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಹಾಗಾಗಿ ಅಲ್ಲಿ ಮೋಡ ಕಟ್ಟುವುದಿಲ್ಲ. ಚಿಲಿಯ ಅಟಕಾಮಾ ಮತ್ತು ನಮೀಬಿಯಾದ ದಡಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಹಂಬೋಲ್ಟ್ ಮತ್ತು ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹಗಳು ದಡದ ಗಾಳಿಯನ್ನು ತಂಪಾಗಿಸಿ ಮಂಜು ಕವಿಸುತ್ತವೆ, ಮಳೆ ಬರಿಸುವುದಿಲ್ಲ. ಅಟಕಾಮಾ ದಡದ ಅರಿಕಾ ಊರಿನ ವಾರ್ಷಿಕ ಸರಾಸರಿ ಮಳೆ ಒಂದು ಮಿಲಿಮೀಟರ್‌ಗೂ ಕಡಿಮೆ.

ಆಸ್ಟ್ರೇಲಿಯಾದ ಪಶ್ಚಿಮ ಮತ್ತು ತೆಂಕಣ ದಡಗಳ ಬಹುಭಾಗ ಇಂಥದ್ದೇ ಒಣ ಸೀಮೆ. ವಾಯವ್ಯದಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿ ನೇರವಾಗಿ ಕಡಲಿಗೆ ಬಂದು ಮುಟ್ಟುತ್ತದೆ. ಅದು ಎಯ್ಟಿ ಮೈಲ್ ಬೀಚ್. ಹೆಸರಿನಲ್ಲಿ ಎಂಬತ್ತು ಮೈಲಿ ಇದ್ದರೂ ನಿಜವಾದ ಉದ್ದ 200 ಕಿ.ಮೀ. ಮೀರುತ್ತದೆ. ತೆಂಕಣದಲ್ಲಿ ನಲ್ಲರ್‌ಬೋರ್ ಬಯಲು: ಎರಡು ಲಕ್ಷ ಚದರ ಕಿಲೋಮೀಟರ್‌ನಷ್ಟು ಹರಡಿದ ಸುಣ್ಣಗಲ್ಲಿನ ಹಾಸು. ಅಲ್ಲಿ ಬೀಳುವ ಅಷ್ಟಿಷ್ಟು ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಆದ್ದರಿಂದ ಕಡಲಿಗೆ ಬಂದು ಸೇರುವ ಹೊಳೆಯೇ ಇಲ್ಲ. ಹೊಳೆ ಇಲ್ಲವಾದರೆ ಅಳಿವೆ ಇಲ್ಲ. ಅಳಿವೆ ಇಲ್ಲದ ಕಡೆ ದೋಣಿಗೆ ಆಸರೆಯೂ ಇಲ್ಲ, ಕುಡಿಯುವ ನೀರೂ ಇಲ್ಲ.

ಒಂಟಿ ಕಯಾಕ್ ಪಯಣಿಗನ ನಿಜವಾದ ಕಷ್ಟ ಇಲ್ಲೇ ಇದೆ. ತೋಳಿನ ಬಲ, ತೆರೆಯ ಎತ್ತರ, ಶಾರ್ಕ್‌ನ ಭಯ ಎಲ್ಲವೂ ಆಮೇಲಿನ ಮಾತು. ಬೇರೆ ಕಡಲುಗಳಲ್ಲಿ ದಣಿದವನಿಗೆ, ಹೆದರಿದವನಿಗೆ, ಬಾಯಾರಿದವನಿಗೆ ದಡವೇ ದಿಕ್ಕು. ಮರುಭೂಮಿಯ ಕಡಲಲ್ಲಿ ದಡ ಆ ಭರವಸೆಯನ್ನು ಕೊಡುವುದಿಲ್ಲ. ಬೇಕಾದ್ದೆಲ್ಲವನ್ನೂ ದೋಣಿಯಲ್ಲೇ ಹೊತ್ತುಕೊಂಡು ಹೊರಡಬೇಕು.

ನೀರಿನ ಲೆಕ್ಕ

ಕಡಲ ಕಯಾಕ್ ಉದ್ದನೆಯ, ಸಪೂರವಾದ ದೋಣಿ. ಅಗಲ ಒಂದಾಳು ಕೂರುವಷ್ಟೇ. ಮೇಲ್ಭಾಗ ಮುಚ್ಚಿರುತ್ತದೆ. ಕೂತವರು ಸೊಂಟಕ್ಕೆ ಬಿಗಿದ ಸ್ಪ್ರೇ ಸ್ಕರ್ಟನ್ನು ಕೂರುವ ಕಂಡಿಯ ಅಂಚಿಗೆ ಸಿಕ್ಕಿಸಿಕೊಂಡರೆ ತೆರೆ ಮೈಮೇಲೆ ಹಾದರೂ ಒಳಗೆ ನೀರು ನುಗ್ಗುವುದಿಲ್ಲ. ಹಿಂದೆ ಮುಂದೆ ನೀರು ಹೋಗದಂತೆ ಮುಚ್ಚಳ ಹಾಕಿದ ಗೂಡುಗಳಿರುತ್ತವೆ. ಡೇರೆ, ಹಾಸಿಗೆ, ಒಲೆ, ಅಕ್ಕಿ, ಬೇಳೆ, ಔಷಧಿ, ನಕ್ಷೆ, ಬ್ಯಾಟರಿ, ದುರಸ್ತಿಯ ಸಾಮಾನು ಎಲ್ಲವೂ ಅಲ್ಲೇ ಹಿಡಿಯಬೇಕು. ಮಿಕ್ಕ ಜಾಗವೆಲ್ಲ ನೀರಿಗೆ.

ಬಿಸಿಲಲ್ಲಿ ಇಡೀ ದಿನ ಹುಟ್ಟು ಹಾಕುವವರಿಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ಐದಾರು ಲೀಟರ್ ಬೇಕು ಎಂದಿಟ್ಟುಕೊಳ್ಳೋಣ. ಹತ್ತು ದಿನಕ್ಕೆ ಐವತ್ತರಿಂದ ಅರವತ್ತು ಲೀಟರ್, ಅಂದರೆ ಅಷ್ಟೇ ಕಿಲೋ ತೂಕ. ದೋಣಿ ಭಾರವಾದಷ್ಟೂ ವೇಗ ಕುಗ್ಗುತ್ತದೆ. ವೇಗ ಕುಗ್ಗಿದರೆ ದಿನ ಹೆಚ್ಚುತ್ತವೆ, ದಿನ ಹೆಚ್ಚಿದರೆ ಇನ್ನಷ್ಟು ನೀರು ಬೇಕಾಗುತ್ತದೆ. ಈ ಲೆಕ್ಕವನ್ನು ಹೊರಡುವ ಮೊದಲೇ ಸರಿ ಮಾಡಿಕೊಳ್ಳಬೇಕು. ತಪ್ಪಿದರೆ ತಿದ್ದಲು ದಾರಿಯಲ್ಲಿ ಅಂಗಡಿ ಇಲ್ಲ, ಬಾವಿ ಇಲ್ಲ. ಕಡಲ ನೀರನ್ನು ಸಿಹಿ ಮಾಡುವ ಕೈಪಂಪುಗಳೇನೋ ಇವೆ. ಉಪ್ಪು ನೀರನ್ನು ಒತ್ತಡದಿಂದ ತೆಳುಪೊರೆಯ ಮೂಲಕ ಹಾಯಿಸುವ ಈ ಸಾಧನಗಳಲ್ಲಿ ಚಿಕ್ಕದು ಗಂಟೆಗೆ ಒಂದು ಲೀಟರ್ ಕೂಡ ಕೊಡುವುದಿಲ್ಲ. ದಿನವಿಡೀ ಹುಟ್ಟು ಹಾಕಿ ಸೋತ ಕೈಗಳೇ ಸಂಜೆ ಆ ಪಂಪನ್ನೂ ಒತ್ತಬೇಕು.

ಕ್ಯಾಫಿನ್ ಅವರ ಪಯಣದಲ್ಲಿ ನೆಲದ ಮೇಲೆ ವಾಹನದಲ್ಲಿ ಬರುತ್ತಿದ್ದ ಸಂಗಡಿಗರು ಸಾಧ್ಯವಿರುವ ಕಡೆ ನೀರು, ಆಹಾರ ತಲುಪಿಸುತ್ತಿದ್ದರು. ಹಾಫ್‌ಮೈಸ್ಟರ್ ಅವರಿಗೆ ಜೊತೆಯಲ್ಲೇ ಸಾಗುವ ತಂಡವಿರಲಿಲ್ಲ. ಎರಡೂ ಸಂದರ್ಭಗಳಲ್ಲಿ ಕಡಲ ಮೇಲೆ ಇದ್ದದ್ದು ಒಬ್ಬರೇ. ಜುಯ್ಟ್‌ಡಾರ್ಪ್‌ನಂಥ ಬಂಡೆಸಾಲಿನ ಬುಡದಲ್ಲಿ ನೆತ್ತಿಯ ಮೇಲಿನ ವಾಹನದಿಂದ ಆಗುವ ಉಪಕಾರವೂ ಅಷ್ಟಕ್ಕಷ್ಟೇ.

ಈ ದಡದಲ್ಲಿ ನೀರು ಹುಡುಕಿದವರ ಚರಿತ್ರೆ ಹಳೆಯದು. 1841ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಇಂಗ್ಲಿಷ್ ಅನ್ವೇಷಕ ನಲ್ಲರ್‌ಬೋರ್ ಅಂಚಿನಲ್ಲೇ ಪೂರ್ವದಿಂದ ಪಶ್ಚಿಮಕ್ಕೆ ನಡೆದ. ದಿನಗಟ್ಟಲೆ ನೀರಿಲ್ಲದೆ ಸಾಗಿದ ಆ ತಂಡವನ್ನು ಬದುಕಿಸಿದ್ದು ಅಲ್ಲಿನ ಮೂಲನಿವಾಸಿಗಳ ತಿಳಿವಳಿಕೆ. ಕಡಲಂಚಿನ ಮರಳುದಿಬ್ಬಗಳಲ್ಲಿ ಎಲ್ಲಿ ತೋಡಿದರೆ ಸಿಹಿನೀರು ಒಸರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಸುಕಿನಲ್ಲಿ ಗಿಡಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಿಂದ ಹೀರಿ ಹಿಂಡಿಕೊಂಡು ಕುಡಿದದ್ದೂ ಉಂಟು. ದಾರಿಯಲ್ಲಿ ಐರ್‌ನ ಜೊತೆಗಾರ ಜಾನ್ ಬ್ಯಾಕ್ಸ್‌ಟರ್ ಕೊಲೆಯಾದ. ಕೊನೆಯವರೆಗೂ ಉಳಿದವನು ವೈಲಿ ಎಂಬ ಮೂಲನಿವಾಸಿ ಯುವಕ. ಎಸ್ಪರೆನ್ಸ್ ಬಳಿ ಲಂಗರು ಹಾಕಿದ್ದ ಫ್ರೆಂಚ್ ತಿಮಿಂಗಿಲ ಬೇಟೆಯ ಹಡಗೊಂದು ಇಬ್ಬರಿಗೂ ಅನ್ನ ನೀರು ಕೊಟ್ಟು ಬದುಕಿಸಿತು. ಬ್ಯಾಕ್ಸ್‌ಟರ್‌ನ ಹೆಸರಿನ ಬಂಡೆಸಾಲು ಇಂದು ಕಯಾಕ್ ಪಯಣಿಗರು ಅಂಜುವ ಮೂರು ಗೋಡೆಗಳಲ್ಲಿ ಒಂದು. ಮಿಕ್ಕ ಎರಡು ಜುಯ್ಟ್‌ಡಾರ್ಪ್ ಮತ್ತು ನಲ್ಲರ್‌ಬೋರ್ ಬಯಲಿನ ಬುಂಡಾ.

ಗೋಡೆಯ ಬುಡದಲ್ಲಿ ಒಂದು ರಾತ್ರಿ

ಬಂಡೆಗೋಡೆಯ ಪಕ್ಕ ಹುಟ್ಟು ಹಾಕುವುದು ತೆರೆದ ಕಡಲಿಗಿಂತ ಕಷ್ಟ. ಮರಳಿನ ದಡಕ್ಕೆ ಬಂದ ತೆರೆ ಅಲ್ಲೇ ಮುರಿದು ಬಲ ಕಳೆದುಕೊಳ್ಳುತ್ತದೆ. ನೆಟ್ಟಗೆ ನಿಂತ ಬಂಡೆಗೆ ಬಡಿದ ತೆರೆ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಹಿಂದಿರುಗುತ್ತದೆ. ಬರುವ ತೆರೆ, ಮರಳುವ ತೆರೆ ಎರಡೂ ಸೇರಿದಲ್ಲಿ ನೀರು ದಿಕ್ಕಿಲ್ಲದೆ ನೆಟ್ಟಗೆ ಎದ್ದು ಕುಸಿಯುತ್ತದೆ, ತುಂಬಿದ ಕೊಪ್ಪರಿಗೆಯನ್ನು ಹೊತ್ತು ನಡೆಯುವಾಗ ಒಳಗಿನ ನೀರು ಅಂಚಿಂದಂಚಿಗೆ ಬಡಿದು ಚಿಮ್ಮುವ ಹಾಗೆ. ಇದರಿಂದ ತಪ್ಪಿಸಿಕೊಳ್ಳಲು ಗೋಡೆಯಿಂದ ಸಾಕಷ್ಟು ಹೊರಗೆ ಸರಿಯಬೇಕು. ಹೊರಗೆ ಸರಿದಷ್ಟೂ ಗಾಳಿಯ ಹೊಡೆತ ಜಾಸ್ತಿ.

ನೂರೈವತ್ತು ಕಿಲೋಮೀಟರ್ ಎಂದರೆ ಅನುಕೂಲದ ಗಾಳಿಯಲ್ಲೂ ಒಂದು ಹಗಲಿನಲ್ಲಿ ಮುಗಿಯುವ ದೂರವಲ್ಲ. ಹಾಗಾಗಿ ರಾತ್ರಿಯನ್ನು ನೀರಿನ ಮೇಲೆಯೇ ಕಳೆಯಬೇಕು. ಕ್ಯಾಫಿನ್ ಜುಯ್ಟ್‌ಡಾರ್ಪ್ ಬಂಡೆಸಾಲನ್ನು ಮೂವತ್ತು ಗಂಟೆಗೂ ಮಿಕ್ಕಿ ನಿಲ್ಲದೆ ಹುಟ್ಟು ಹಾಕಿ ದಾಟಿದರು. ನಿದ್ದೆ ತಡೆಯಲು ಕೆಫೀನ್ ಮಾತ್ರೆ, ಮಲ ಕಟ್ಟಲು ಇನ್ನೊಂದು ಮಾತ್ರೆ ನುಂಗಿದ್ದರು. ಕೇಳಲು ಸಣ್ಣ ಸಂಗತಿ ಅನ್ನಿಸಬಹುದು. ಸೊಂಟದವರೆಗೆ ದೋಣಿಯೊಳಗೆ ಬಿಗಿದುಕೊಂಡು ಕೂತವನಿಗೆ, ಏಳುವಂತಿಲ್ಲದ ಕಡಲಿನಲ್ಲಿ, ಪಯಣ ಪೂರ್ತಿಯಾಗುವುದೇ ಇಂಥ ಸಣ್ಣ ಸಂಗತಿಗಳನ್ನು ಮೊದಲೇ ಯೋಚಿಸಿದ್ದರೆ. ಉಪ್ಪು ನೀರಿನಲ್ಲಿ ನೆನೆದ ಬಟ್ಟೆ ಉಜ್ಜಿ ಉಜ್ಜಿ ಕಂಕುಳು, ಬೆನ್ನು, ತೊಡೆಗಳಲ್ಲಿ ಹುಣ್ಣಾಗುತ್ತದೆ. ಅಂಗೈ ಬೊಬ್ಬೆ ಏಳುತ್ತದೆ. ಎರಡನೇ ಹಗಲಿನ ಹೊತ್ತಿಗೆ ನಿದ್ದೆಗೆಟ್ಟ ಮೆದುಳು ಇಲ್ಲದ್ದನ್ನು ಕಾಣಿಸತೊಡಗುತ್ತದೆ.

ನೀರಿನ ಮೇಲೆ ಮಲಗುವ ಉಪಾಯವೂ ಇದೆ. ಆಸ್ಟ್ರೇಲಿಯಾದ ಬಡಗಣದಲ್ಲಿರುವ ಕಾರ್ಪೆಂಟೇರಿಯಾ ಕೊಲ್ಲಿಯನ್ನು ಹಾಫ್‌ಮೈಸ್ಟರ್ ದಡ ಬಳಸದೆ ನೇರವಾಗಿ ದಾಟಿದರು: ಸುಮಾರು 575 ಕಿ.ಮೀ., ಎಂಟು ದಿನ. ರಾತ್ರಿಯಾದರೆ ಹುಟ್ಟನ್ನು ದೋಣಿಗೆ ಅಡ್ಡಲಾಗಿ ಕಟ್ಟಿ, ಅದರ ಎರಡೂ ತುದಿಗೆ ಗಾಳಿ ತುಂಬಿದ ಚೀಲ ಸಿಕ್ಕಿಸಿ, ದೋಣಿ ಮಗುಚದಂತೆ ಮಾಡಿಕೊಂಡು ಹಿಂದಕ್ಕೆ ಒರಗಿ ಮಲಗುತ್ತಿದ್ದರು. ಆ ಕೊಲ್ಲಿಯನ್ನು ಕಯಾಕ್‌ನಲ್ಲಿ 2004ರಲ್ಲಿ ದಾಟಿದ್ದವರು ಆಂಡ್ರ್ಯೂ ಮೆಕಾಲೆ. ಇದೇ ಮೆಕಾಲೆ 2007ರ ಜನವರಿಯಲ್ಲಿ ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡ್‌ಗೆ ಒಂಟಿಯಾಗಿ ಹೊರಟು, ಗುರಿ ಇನ್ನೇನು ಹತ್ತಿರವಾಯಿತು ಅನ್ನುವಾಗ ಕಾಣೆಯಾದರು. ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ಎರಡು ವರ್ಷದ ಬಳಿಕ ಹೊರಟ ಹಾಫ್‌ಮೈಸ್ಟರ್‌ಗೆ ಈ ಸಾವಿನ ಅರಿವು ಚೆನ್ನಾಗಿಯೇ ಇತ್ತು.

ಗಾಳಿಯ ಹೊತ್ತು, ಉಬ್ಬರದ ಹೊತ್ತು

ಮರುಭೂಮಿಯ ದಡದಲ್ಲಿ ಗಾಳಿಗೂ ಗಡಿಯಾರವಿದೆ. ಬಿಸಿಲೇರಿದಂತೆ ಬರಡು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲ ಗಾಳಿ ನುಗ್ಗುತ್ತದೆ. ನೆಲಕ್ಕೂ ನೀರಿಗೂ ಬಿಸಿಯ ಅಂತರ ಹೆಚ್ಚಿದ್ದಷ್ಟೂ ಗಾಳಿ ಜೋರು. ಪಶ್ಚಿಮ ಆಸ್ಟ್ರೇಲಿಯಾದ ದಡದಲ್ಲಿ ಬೇಸಿಗೆಯ ಮಧ್ಯಾಹ್ನ ತೆಂಕಣದಿಂದ ಬೀಸುವ ಈ ಗಾಳಿಗೆ ಪರ್ತ್ ನಗರದ ಜನ 'ಫ್ರೀಮ್ಯಾಂಟಲ್ ಡಾಕ್ಟರ್' ಎಂದು ಹೆಸರಿಟ್ಟಿದ್ದಾರೆ. ಊರಿನವರಿಗೆ ಅದು ಸೆಕೆ ಕಳೆಯುವ ವೈದ್ಯ. ಬಡಗಣದಿಂದ ತೆಂಕಣಕ್ಕೆ ಹುಟ್ಟು ಹಾಕುವವರಿಗೆ ಅದೇ ಎದುರುಗಾಳಿ. ಆದ್ದರಿಂದ ನಸುಕಿಗೆ ಮುಂಚೆಯೇ ದೋಣಿ ನೀರಿಗಿಳಿಸಿ, ಗಾಳಿ ಏಳುವ ಮೊದಲು ದಿನದ ದಾರಿ ಮುಗಿಸುವುದು ಅಲ್ಲಿನ ರೂಢಿ.

ವಾಯವ್ಯದ ಬ್ರೂಮ್ ಸುತ್ತಮುತ್ತ ಇನ್ನೊಂದು ತೊಡಕು. ನಮ್ಮ ಕಾರವಾರ, ಮಲ್ಪೆಗಳಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಎರಡು ಮೀಟರ್. ಬ್ರೂಮ್‌ನಲ್ಲಿ ಅದು ಹತ್ತು ಮೀಟರಿನ ಹತ್ತಿರ ಹೋಗುತ್ತದೆ. ಚಪ್ಪಟೆ ದಡದಲ್ಲಿ ಇಷ್ಟು ನೀರು ಇಳಿದರೆ ಕಡಲು ಕಣ್ಣಳತೆಯಾಚೆ ಸರಿಯುತ್ತದೆ. ಇಳಿತದ ಹೊತ್ತಿಗೆ ದಡ ಹತ್ತಬೇಕೆಂದರೆ ತುಂಬಿದ ದೋಣಿಯನ್ನು ನೂರಾರು ಮೀಟರ್ ಕೆಸರು ಮರಳಿನಲ್ಲಿ ಒಬ್ಬರೇ ಎಳೆಯಬೇಕು. ಊಟ, ನಿದ್ದೆ, ಹೊರಡುವ ಗಳಿಗೆ ಎಲ್ಲವೂ ಉಬ್ಬರದ ಕೋಷ್ಟಕಕ್ಕೆ ತಕ್ಕಂತೆ ನಡೆಯಬೇಕು. ಬಡಗಣ ದಡದಲ್ಲಿ ಉಪ್ಪುನೀರಿನ ಮೊಸಳೆಗಳ ಕಾಟ ಬೇರೆ. ಹಾಫ್‌ಮೈಸ್ಟರ್ ಅವರ ದೋಣಿಗೆ ಒಂದು ಶಾರ್ಕ್ ಕಚ್ಚಿ ತೂತು ಮಾಡಿತ್ತು. ಅವರು ತೂತು ಮುಚ್ಚಿಕೊಂಡು ಮುಂದೆ ಹೋದರು.

ಮಕ್ರಾನ್ ದಡದ ಜರ್ಮನ್

ಒಣ ದಡದ ಕಯಾಕ್ ಪಯಣಕ್ಕೆ ನಮ್ಮ ಕಡಲಿನ ನಂಟೂ ಇದೆ. ಆಸ್ಕರ್ ಸ್ಪೆಕ್ 1907ರಲ್ಲಿ ಹುಟ್ಟಿದ ಹ್ಯಾಂಬರ್ಗ್‌ನ ವಿದ್ಯುತ್ ಕೆಲಸಗಾರ. ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕೀತು ಎಂದುಕೊಂಡು 1932ರ ಮೇ ತಿಂಗಳಲ್ಲಿ ಮಡಚಬಲ್ಲ ಕಯಾಕ್ ಒಂದನ್ನು ಉಲ್ಮ್ ನಗರದಲ್ಲಿ ಡ್ಯಾನ್ಯೂಬ್ ನದಿಗೆ ಇಳಿಸಿದ. ಮರದ ಚೌಕಟ್ಟಿಗೆ ರಬ್ಬರ್ ಲೇಪಿಸಿದ ಬಟ್ಟೆ ಹೊದಿಸಿದ ದೋಣಿ ಅದು. ಸೈಪ್ರಸ್ ಮುಟ್ಟಿದ ಮೇಲೂ ನಿಲ್ಲಲಿಲ್ಲ. ಸಿರಿಯಾದಿಂದ ಯೂಫ್ರಟಿಸ್ ನದಿಗಿಳಿದು ಪರ್ಷಿಯನ್ ಕೊಲ್ಲಿಗೆ ಬಂದ. ಇರಾನಿನ ಒಣ ದಡದಲ್ಲಿ ಅವನಿಗೆ ಮಲೇರಿಯಾ ಅಂಟಿತು. ಅಲ್ಲೇ ದೋಣಿ ಕಳವಾಗಿ, ಮರಳಿ ಪಡೆಯಲು ಪಾಡು ಪಡಬೇಕಾಯಿತು. ಅಲ್ಲಿಂದ ಮುಂದೆ ಮಕ್ರಾನ್.

ಇಂದು ಇರಾನ್ ಮತ್ತು ಪಾಕಿಸ್ತಾನಗಳಿಗೆ ಸೇರಿದ ಮಕ್ರಾನ್ ದಡದ ಬಗ್ಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಡಲ ವರದಿ ಉಳಿದುಬಂದಿದೆ. ಕ್ರಿ.ಪೂ. 325ರಲ್ಲಿ ಸಿಂಧೂ ಮುಖಜಭೂಮಿಯಿಂದ ಮರಳುವಾಗ ಅಲೆಗ್ಸಾಂಡರ್ ನೆಲದ ದಾರಿ ಹಿಡಿದ, ಅವನ ನೌಕಾಪತಿ ನಿಯಾರ್ಕಸ್ ಕಡಲ ದಾರಿ ಹಿಡಿದ. ಸೈನ್ಯ ದಡದಲ್ಲಿ ಬಾವಿ ತೋಡಿ ನೌಕೆಗಳಿಗೆ ನೀರು ಒದಗಿಸಬೇಕೆಂಬುದು ಯೋಜನೆ. ಸೈನ್ಯವೇ ಮರುಭೂಮಿಯಲ್ಲಿ ಬಾಯಾರಿ ನಲುಗಿತು. ನಿಯಾರ್ಕಸ್‌ನ ಅನುಭವವನ್ನು ಆಧರಿಸಿ ಏರಿಯನ್ ಬರೆದ 'ಇಂಡಿಕಾ'ದಲ್ಲಿ ಒಣಮೀನಿನ ಹಿಟ್ಟಿನಿಂದ ರೊಟ್ಟಿ ಮಾಡುವ, ತಿಮಿಂಗಿಲದ ಮೂಳೆಗಳಿಂದ ಮನೆ ಕಟ್ಟುವ ಮೀನುತಿನಿಗಳ ವಿವರಣೆ ಇದೆ. ಆ ನೌಕಾಪಡೆಯ ಪ್ರತಿ ನಿಲುಗಡೆಯಲ್ಲೂ ಮೊದಲ ಕೆಲಸ ನೀರು ಹುಡುಕುವುದೇ ಆಗಿತ್ತು.

ಆ ದಡವನ್ನು ಎದುರು ದಿಕ್ಕಿನಲ್ಲಿ, ಬಟ್ಟೆಯ ದೋಣಿಯಲ್ಲಿ, ಉಪಗ್ರಹ ಫೋನು ಯಾರ ಕಲ್ಪನೆಯಲ್ಲೂ ಇಲ್ಲದ ಕಾಲದಲ್ಲಿ ಸ್ಪೆಕ್ ಒಬ್ಬನೇ ದಾಟಿದ. ಭಾರತದ ಪಶ್ಚಿಮ ದಡಕ್ಕೆ ಬಂದು, ತೆಂಕಣಕ್ಕೆ ಸಾಗಿ 1935ರಲ್ಲಿ ಸಿಲೋನ್ ಮುಟ್ಟಿದ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿ ಇರುವುದೂ ಆ ದಾರಿಯಲ್ಲೇ. ಮುಂದೆ ಕಲ್ಕತ್ತ, ಬರ್ಮಾ, ಮಲಯಾ, ಇಂಡೋನೇಷ್ಯಾ. ಏಳು ವರ್ಷ, ಸುಮಾರು 50,000 ಕಿ.ಮೀ. ಕಳೆದು 1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೈಬಾಯ್ ದ್ವೀಪಕ್ಕೆ ದೋಣಿ ಹಚ್ಚಿದಾಗ ಎರಡನೇ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದ ಪ್ರಜೆ ಎಂದು ಅವನನ್ನು ಬಂಧಿಸಿದರು. ಯುದ್ಧ ಮುಗಿಯುವವರೆಗೂ ಶಿಬಿರಗಳಲ್ಲಿ ಸೆರೆ. ಬಿಡುಗಡೆಯಾದ ಮೇಲೆ ಓಪಲ್ ರತ್ನದ ವ್ಯಾಪಾರ ಮಾಡಿಕೊಂಡು ಆಸ್ಟ್ರೇಲಿಯಾದಲ್ಲೇ ನೆಲೆಸಿದ. ಅವನ ಪಯಣದ ಕಾಗದ ಪತ್ರ, ಚಿತ್ರಗಳು ಈಗ ಸಿಡ್ನಿಯಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ.

ಆಸ್ಟ್ರೇಲಿಯಾದ ಸ್ಯಾಂಡಿ ರಾಬ್ಸನ್ ಅದೇ ದಾರಿಯಲ್ಲಿ 2011ರಲ್ಲಿ ಜರ್ಮನಿಯಿಂದ ಹೊರಟು, ಹಂತ ಹಂತವಾಗಿ ಭಾರತವನ್ನೂ ಹಾದು 2016ರಲ್ಲಿ ಸೈಬಾಯ್ ಮುಟ್ಟಿದರು. ಆದರೆ ಸಿರಿಯಾ, ಇರಾಕ್, ಇರಾನ್, ಪಾಕಿಸ್ತಾನಗಳನ್ನು ಬಿಡಬೇಕಾಯಿತು. ಸ್ಪೆಕ್ ದಾಟಿದ ಆ ಒಣ ದಡಗಳು ಅವರ ಪಾಲಿಗೆ ಮುಚ್ಚಿಯೇ ಇದ್ದವು. ಒಂಟಿ ಪಯಣಿಗರಿಗೆ ಕೆಲವೊಮ್ಮೆ ಗಾಳಿ, ನೀರುಗಳಿಗಿಂತ ಯುದ್ಧ ಮತ್ತು ವೀಸಾಗಳೇ ದೊಡ್ಡ ಗೋಡೆ.

ನಮ್ಮ ಕಡಲಿನ ಪಾಲು

ಭಾರತದಲ್ಲೂ ಈ ಹಾದಿ ತೆರೆದಿದೆ. ಐಐಟಿ ದೆಹಲಿಯಲ್ಲಿ ಓದಿದ ಕೌಸ್ತುಭ್ ಖಾಡೆ 2015ರಲ್ಲಿ ಗುಜರಾತಿನಿಂದ ಕನ್ಯಾಕುಮಾರಿಯವರೆಗೆ ಸುಮಾರು 3,000 ಕಿ.ಮೀ. ದೂರವನ್ನು 84 ದಿನಗಳಲ್ಲಿ ಒಬ್ಬರೇ ಕಯಾಕ್‌ನಲ್ಲಿ ಕ್ರಮಿಸಿದರು. ಗುಜರಾತಿನ ಒಣ ದಡದಲ್ಲಿ ಶುರುವಾದ ಆ ಪಯಣ ಕರ್ನಾಟಕದ ಕರಾವಳಿಯನ್ನೂ ಹಾದುಹೋಯಿತು.

ಮರುಭೂಮಿಯ ದಡ ಕಿತ್ತುಕೊಳ್ಳುವುದೆಲ್ಲವೂ ನಮ್ಮ ದಡದಲ್ಲಿ ಇದೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಈ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಿಂದ ನೇತ್ರಾವತಿಯವರೆಗೆ ಅಳಿವೆಯ ಮೇಲೆ ಅಳಿವೆ. ಊರು ಹತ್ತಿರ, ನೀರು ಹತ್ತಿರ. ಗಾಳಿ, ತೆರೆಗಳ ಗುಣ ಬಲ್ಲ ಮೀನುಗಾರರು ಪ್ರತಿ ಬೇಲೆಯಲ್ಲೂ ಇದ್ದಾರೆ. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಲು ವಾರಾಂತ್ಯಕ್ಕೆ ಜನ ಬರುತ್ತಾರೆ. ಹೆಚ್ಚಿನವರಿಗೆ ಅದು ಒಂದು ಗಂಟೆಯ ಮೋಜು. ಅದರಲ್ಲಿ ನಾಲ್ಕು ಮಂದಿಗಾದರೂ ಮುಂದಿನ ಪಾಠ ಬೇಕೆನ್ನಿಸೀತು: ಮಗುಚಿದ ದೋಣಿಯನ್ನು ನೀರಿನಲ್ಲೇ ನೆಟ್ಟಗೆ ಮಾಡುವುದು, ಉಬ್ಬರದ ಕೋಷ್ಟಕ ಓದುವುದು, ಹವಾಮಾನ ಕೆಟ್ಟರೆ ದಿನಗಟ್ಟಲೆ ತಾಳ್ಮೆಯಿಂದ ಕಾಯುವುದು, ಹೊರಡುವ ಮೊದಲು ಎಲ್ಲಿಗೆ, ಯಾವಾಗ ಮುಟ್ಟುತ್ತೇವೆಂದು ದಡದಲ್ಲಿರುವವರಿಗೆ ತಿಳಿಸುವುದು. ಹಾಫ್‌ಮೈಸ್ಟರ್ ಕಡಲ ಕಯಾಕ್ ಹಿಡಿದದ್ದು ಮೂವತ್ತೈದು ದಾಟಿದ ಮೇಲೆ, ಆಸ್ಟ್ರೇಲಿಯಾ ಸುತ್ತಿದ್ದು ನಲವತ್ತೈದರ ವಯಸ್ಸಿನಲ್ಲಿ. ನಡುವೆ ಐಸ್‌ಲ್ಯಾಂಡ್, ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಹೀಗೆ ಒಂದೊಂದೇ ದಡ ಸುತ್ತಿ ಕಲಿತರು. ಆಸ್ಟ್ರೇಲಿಯಾದ ಬಳಿಕ, 2011ರಿಂದ 2015ರವರೆಗೆ, ಅಟಕಾಮಾ ದಡವೂ ಸೇರಿದಂತೆ ದಕ್ಷಿಣ ಅಮೆರಿಕ ಖಂಡವನ್ನೇ ಸುತ್ತಿದರು.

ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು, ಕರಾವಳಿಯ ಕಾಲೇಜುಗಳು ಮನಸ್ಸು ಮಾಡಿದರೆ, ಅಕ್ಟೋಬರ್ ಕಳೆದು ಕಡಲು ತಣ್ಣಗಾದ ತಿಂಗಳುಗಳಲ್ಲಿ ಕಾರವಾರದಿಂದ ಮಂಗಳೂರಿಗೆ ಒಂದು ಕಯಾಕ್ ಯಾತ್ರೆಯನ್ನು ವರ್ಷಕ್ಕೊಮ್ಮೆ ನಡೆಸಬಹುದು. ಜೊತೆಗೆ ಮೀನುಗಾರರ ಒಂದು ದೋಣಿ, ಎಲ್ಲರ ಮೈಮೇಲೆ ಲೈಫ್ ಜಾಕೆಟ್, ರಾತ್ರಿ ತಂಗಲು ಅಳಿವೆ ದಡದ ಶಾಲೆಗಳು. ಇದಕ್ಕೆ ಬೇಕಾದ ಖರ್ಚು ದೊಡ್ಡದಲ್ಲ. ಬರುವ ಹಂಗಾಮಿನಲ್ಲೇ ಇದನ್ನು ಶುರು ಮಾಡಲಿ.